ಬಾಯಿ ಮುಚ್ಚಿ ಕೂತ ಒಂದು ನಿಮಿಷ

ಜುಲೈ ತಿಂಗಳ ಮಳೆ. ಕೊಡಗಿನ ಪೊನ್ನಂಪೇಟೆ ಕಡೆಯ ನಮ್ಮ ಆರೋಗ್ಯ ಕೇಂದ್ರದ ಜಗಲಿ ತುಂಬ ಒದ್ದೆ ಕೊಡೆಗಳು. ಒಳಗೆ ನಾನು, ಪಕ್ಕದಲ್ಲಿ ಪೋಸ್ಟಿಂಗ್‌ಗೆ ಬಂದ ಹೌಸ್ ಸರ್ಜನ್ ಹುಡುಗಿ, ಅಂದರೆ ಇನ್ನೂ ಕಲಿಯುತ್ತಿರುವ ಡಾಕ್ಟರು.

ಹಿಂದಿನ ವಾರವಷ್ಟೇ ಮೈಸೂರಿಗೆ ಹೋಗಿ ಎರಡು ದಿನದ ತರಬೇತಿ ಮುಗಿಸಿ ಬಂದಿದ್ದೆ. ಫ್ಯಾಮಿಲಿ ಮೆಡಿಸಿನ್ ಡಾಕ್ಟರುಗಳಿಗೆ ಪಾಠ ಮಾಡೋದನ್ನು ಕಲಿಸುವ ತರಬೇತಿ. ನಗಬೇಡಿ. ನಾವೆಲ್ಲ ಬೈಸಿಕೊಂಡು ಕಲಿತವರು, ಹಾಗಾಗಿ ಬೈದೇ ಕಲಿಸುತ್ತೇವೆ.

ಅಲ್ಲಿ ಹೇಳಿಕೊಟ್ಟದ್ದು 'ಒನ್ ಮಿನಿಟ್ ಪ್ರಿಸೆಪ್ಟರ್', ಅಂದರೆ ಒಂದು ನಿಮಿಷದ ಗುರು. 1992ರಲ್ಲಿ ಅಮೆರಿಕದ ಫ್ಯಾಮಿಲಿ ಡಾಕ್ಟರುಗಳು ಬರೆದಿಟ್ಟ ವಿಧಾನ. ಹೊರಗೆ ಕ್ಯೂ ಇದ್ದಾಗಲೂ ನಡೆಯುತ್ತದೆ. ಕಲಿಯುವವರು ಮೊದಲು ತಮ್ಮ ತೀರ್ಮಾನ ಹೇಳಬೇಕು. ಯಾಕೆ ಹಾಗನ್ನಿಸಿತು ಅಂತ ನಾವು ಕೇಳಬೇಕು. ಆಮೇಲೆ ಒಂದೇ ಒಂದು ಪಾಠ. ಸರಿ ಮಾಡಿದ್ದೇನು, ತಪ್ಪಿದ್ದೆಲ್ಲಿ ಅಂತ ಬಿಡಿಸಿ ಹೇಳಿದರೆ ಮುಗಿಯಿತು. ಸುಲಭ, ಅಲ್ವಾ?

ಮೊದಲ ಮೂರು ಪೇಷಂಟ್‌ಗಳಿಗೆ ಅವಳು ಬಾಯಿ ತೆರೆಯುವ ಮೊದಲೇ ನಾನು ಉತ್ತರ ಹೇಳಿಬಿಟ್ಟೆ.

ನಾಲ್ಕನೆಯವರು ತೋಟದ ಕೆಲಸಗಾರರ ಲೈನ್ ಮನೆಯಿಂದ ಬಂದ ಯರವ ಬುಡಕಟ್ಟಿನ ಅಜ್ಜ. ಮೂರು ದಿನದಿಂದ ಜ್ವರ, ಮೈಕೈ ನೋವು. ಅವಳು ನೋಡಿ ಬಂದಳು.

"ಏನಮ್ಮ, ಏನಿರಬಹುದು?"

ಸುಮ್ಮನಿದ್ದಳು. ನಾನು ನಾಲಿಗೆ ಕಚ್ಚಿಕೊಂಡು ಕೂತೆ. ಅಜ್ಜನ ಕಣ್ಣು ಕೆಂಪಗಿದ್ದದ್ದು ನನಗೆ ಬಾಗಿಲಲ್ಲೇ ಕಂಡಿತ್ತು. ಹೊರಗೆ ಯಾರೋ ಬಸ್ಸು ತಪ್ಪುತ್ತೆ ಅಂತ ಗೊಣಗಿದರು. ಬೈದು ಮುಗಿಸೋದು ಎಷ್ಟು ಆರಾಮ ಅಂತ ಆಗ ಗೊತ್ತಾಯಿತು.

"ವೈರಲ್ ಜ್ವರ ಸರ್."

"ಯಾಕೆ?"

"ಮಳೆಗಾಲ... ಮೈಕೈ ನೋವು..." ಅಲ್ಲೇ ನಿಂತಳು. "ಸರ್, ಅವರು ಏನು ಕೆಲಸ ಮಾಡ್ತಾರೆ ಅಂತ ಕೇಳಲಿಲ್ಲ." ಎದ್ದು ಹೋದಳು.

ಹದಿನೈದು ದಿನದಿಂದ ನಾಟಿ ಗದ್ದೆಯಲ್ಲಿ ಬರಿಗಾಲು. ಹಿಮ್ಮಡಿಯಲ್ಲಿ ಬಿರುಕು. ಮೀನಖಂಡ ಒತ್ತಿದಾಗ ಅಜ್ಜ ಕಾಲು ಎಳೆದುಕೊಂಡರು. "ಇಲಿಜ್ವರ ಇರಬಹುದಾ ಸರ್?"

ಇಲಿ ಮೂತ್ರ ಬೆರೆತ ನೀರು, ಕಾಲಿನ ಗಾಯ: ನಾನು ಹೇಳಿದ ಪಾಠ ಅಷ್ಟೇ. ರಕ್ತ ಪರೀಕ್ಷೆಗೆ ಬರೆದು, ವರದಿಗೆ ಕಾಯದೆ ಅವತ್ತೇ ಡಾಕ್ಸಿಸೈಕ್ಲಿನ್ ಔಷಧಿ ಶುರು ಮಾಡಿದೆವು. "ವೆರಿ ಗುಡ್" ಅನ್ನಲು ಹೊರಟವನು ತಡೆದು, "ಕೆಲಸ ಕೇಳೋಕೆ ವಾಪಸ್ ಹೋದಿರಲ್ಲ, ಅದು ಸರಿ" ಎಂದೆ. ಕೆಂಪು ಕಣ್ಣೂ ಇಲಿಜ್ವರದ ಗುರುತು; ಅದನ್ನು ನೋಡದೆ ಬಿಟ್ಟದ್ದನ್ನು ಅಜ್ಜ ಹೊರಗೆ ಹೋದ ಮೇಲೆ ಹೇಳಿದೆ. ಪೇಷಂಟ್ ಮುಂದೆ ಹೇಳಿದ್ದರೆ ಸಂಜೆಗೆ ಲೈನ್ ಮನೆ ಪೂರ್ತಿ ಸುದ್ದಿ.

ಆಮೇಲೆ ಅವಳು ಕೇಳಿದಳು: "ಸರ್, ಮೀನಖಂಡ ನೋಯುತ್ತಾ ಅಂತ ಯರವ ಭಾಷೆಯಲ್ಲಿ ಹೇಗೆ ಕೇಳೋದು?"

ಇಷ್ಟು ವರ್ಷ ನಾನು ಕೈ ತೋರಿಸಿಯೇ ಕೇಳುತ್ತಿದ್ದೆ. ಅಜ್ಜ ಇನ್ನೂ ಔಷಧಿ ಕಿಟಕಿ ಹತ್ತಿರವೇ ಇದ್ದರು. ಇಬ್ಬರೂ ಎದ್ದು ಹೋದೆವು.