ಸತ್ತ ಕಾಗೆಯನ್ನು ನೋಡಿ ಹಕ್ಕಿಜ್ವರವೆಂದು ಹೇಳಬಹುದೇ?

ಉಡುಪಿಯ ಆಸುಪಾಸಿನಲ್ಲಿ ಎರಡು ಕಾಗೆ ಸತ್ತು ಬಿದ್ದರೆ ಸಾಕು, ಪಶುವೈದ್ಯನಾದ ನನ್ನ ಮೊಬೈಲಿಗೆ ಚಿತ್ರದ ಜತೆ ಪ್ರಶ್ನೆ ಬರುತ್ತದೆ: “ಡಾಕ್ಟ್ರೇ, ಇದು ಹಕ್ಕಿಜ್ವರವಾ?” ಪಿತೃಪಕ್ಷದಲ್ಲಿ ಎಡೆಯಿಟ್ಟು ಕಾಗೆಯ ದಾರಿ ಕಾಯುವ ಊರಿನಲ್ಲಿ ಅದರ ಸಾವು ಬೇಗ ಕಣ್ಣಿಗೆ ಬೀಳುವುದು ಸಹಜ. 2021ರ ಜನವರಿಯಲ್ಲಿ ನೆರೆಯ ಕೇರಳದ ಬಾತುಕೋಳಿಗಳಲ್ಲಿ ಹಕ್ಕಿಜ್ವರದ ಎಚ್‌5ಎನ್‌8 ವೈರಸ್ ಪತ್ತೆಯಾದ ಮೇಲಂತೂ ಈ ಪ್ರಶ್ನೆ ನಿಂತೇ ಇಲ್ಲ.

ಚಿತ್ರ ನೋಡಿ ಹೇಳಲಾಗದು ಎಂಬುದೇ ನನ್ನ ಉತ್ತರ. ಕತ್ತು ತಿರುಚುವುದು, ತೂರಾಡುವುದು, ಹಸಿರು ಭೇದಿ ಇವೆಲ್ಲ ಹಕ್ಕಿಜ್ವರದಲ್ಲಿಯೂ ಇವೆ, ಕೋಳಿ ಸಾಕುವವರು ಕೊಕ್ಕರೆ ರೋಗವೆನ್ನುವ ರಾಣಿಖೇತ್‌ನಲ್ಲಿಯೂ ಇವೆ. ಕೀಟನಾಶಕ ಬೆರೆತ ಕಾಳು ತಿಂದ ಹಕ್ಕಿಯೂ ತೂರಾಡಿಯೇ ಸಾಯುತ್ತದೆ. ಸಿಡುಬು ಮಾತ್ರ ಕೊಂಚ ಬೇರೆ, ಪುಕ್ಕವಿಲ್ಲದ ಚರ್ಮದ ಮೇಲಿನ ಗಂಟುಗಳೇ ಅದರ ಸುಳಿವು ಕೊಡುತ್ತವೆ.

ಗಂಟಲಿನಿಂದಲೂ ಮಲದ್ವಾರದಿಂದಲೂ ತೆಗೆದ ಸ್ವಾಬ್‌ಗಳು ತಣ್ಣಗಿರುವಂತೆಯೇ ಪ್ರಯೋಗಾಲಯ ತಲುಪಬೇಕು. ಹಕ್ಕಿಜ್ವರದ ಅಂತಿಮ ದೃಢೀಕರಣ ಭೋಪಾಲದ ರಾಷ್ಟ್ರೀಯ ಸಂಸ್ಥೆಯಲ್ಲಿ ಆಗುತ್ತದೆ. ಕೋವಿಡ್ ಕಾಲದಲ್ಲಿ ಎಲ್ಲರ ಬಾಯಲ್ಲಿದ್ದ ಆರ್‌ಟಿ-ಪಿಸಿಆರ್ ಪರೀಕ್ಷೆಯೇ ಇಲ್ಲಿಯೂ ಮೊದಲು: ಹಕ್ಕಿಜ್ವರದ ವೈರಸ್ ಸೇರಿದಂತೆ ಎಲ್ಲ ಎ ಬಗೆಯ ಇನ್‌ಫ್ಲುಯೆಂಜಾ ವೈರಸ್‌ಗಳಿಗೂ ಸಮಾನವಾದ ಜೀನನ್ನು ಹುಡುಕಿ, ಅದು ಸಿಕ್ಕರೆ ಕೋಳಿಗಳಿಗೆ ಮಾರಕವಾಗಬಲ್ಲ ಎಚ್‌5 ಅಥವಾ ಎಚ್‌7 ಉಪಬಗೆ ಹೌದೇ ಎಂದು ನೋಡುತ್ತಾರೆ. ಜೀವಂತ ವೈರಸ್ ಬೇಕಿದ್ದರೆ 9ರಿಂದ 11 ದಿನದ ಭ್ರೂಣವಿರುವ ಕೋಳಿಮೊಟ್ಟೆಗೆ ಮಾದರಿಯನ್ನು ಚುಚ್ಚಿ, ಕೆಲವು ದಿನ ಕಾದು, ಅದರೊಳಗಿನ ದ್ರವ ಕೋಳಿಯ ಕೆಂಪು ರಕ್ತಕಣಗಳನ್ನು ಗುಂಪುಗೂಡಿಸುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ರಾಣಿಖೇತ್ ವೈರಸ್ ಕೂಡ ರಕ್ತಕಣಗಳನ್ನು ಹಾಗೆಯೇ ಗುಂಪುಗೂಡಿಸುವುದರಿಂದ, ಯಾವ ವೈರಸ್ಸಿನ ಪ್ರತಿಕಾಯ ಈ ಕ್ರಿಯೆಯನ್ನು ತಡೆಯುತ್ತದೆ ಎಂದು ನೋಡಿದ ಮೇಲೆಯೇ ಹೆಸರು ಹೇಳುತ್ತಾರೆ. ವರದಿ ತಡವಾಯಿತೆಂದು ಬೈಯುವವರಿಗೆ ಮೊಟ್ಟೆಯ ಈ ಕಥೆಯನ್ನು ನಾನು ತಾಳ್ಮೆಯಿಂದ ಹೇಳುತ್ತೇನೆ.

ನನಗೆ ಹೆಚ್ಚು ಚಿಂತೆ ತರುವುದು ನೆಗೆಟಿವ್ ವರದಿ. ಕರಾವಳಿಯ ಸೆಕೆಯಲ್ಲಿ, ಪುಕ್ಕದೊಳಗೆ ಬಿಸಿ ಹಿಡಿದಿಟ್ಟುಕೊಂಡ ಹೆಣ ಅರ್ಧ ದಿನದಲ್ಲಿಯೇ ಕೊಳೆಯತೊಡಗುತ್ತದೆ, ವೈರಸ್ಸಿನ ಗುರುತೂ ನಾಶವಾಗತೊಡಗುತ್ತದೆ. ಹಿಂದಿನ ದಿನವೇ ಸತ್ತು ಬಿದ್ದಿದ್ದ ಕಾಗೆಯ ಮಾದರಿಯನ್ನು ಒಮ್ಮೆ ಕಳುಹಿಸಿ, ಬಂದ ನೆಗೆಟಿವ್ ಉತ್ತರವನ್ನು ನಂಬಿ, ಹೆದರಬೇಡಿರೆಂದು ಊರವರಿಗೆ ನಾನೇ ಹೇಳಿದ್ದೆ. ಇಂದು ಆ ಮಾತನ್ನು ಆಡಲಾರೆ.

ಆದ್ದರಿಂದ ಈಗ ನನ್ನ ಮರುಪ್ರಶ್ನೆ ಒಂದೇ: ಸತ್ತು ಎಷ್ಟು ಹೊತ್ತಾಯಿತು? ಹೊಸದಾಗಿದ್ದರೆ ಬರಿಗೈಯಲ್ಲಿ ಮುಟ್ಟದೆ, ನಾಯಿ ಬೆಕ್ಕುಗಳನ್ನು ದೂರವಿಟ್ಟು, ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿ. ಮನೆಯ ಫ್ರಿಜ್ಜಿನಲ್ಲಿ ಬಂಗುಡೆಯ ಪಕ್ಕ ಇಡುವುದು ಮಾತ್ರ ಬೇಡ. ಹಾಗೆ ಇಟ್ಟು ಫೋನ್ ಮಾಡಿದವರೂ ಇದ್ದಾರೆ.