985ರ ಸಾಲಿನಲ್ಲಿ ಒಂದೇ ಪುಸ್ತಕ

ಪದವಿಯ ಕೊನೆಯ ವರ್ಷದಲ್ಲಿ ಇತಿಹಾಸ ವಿಭಾಗದವರು ನಮಗೆಲ್ಲ ಏಷ್ಯಾದ ಹೊರಗಿನ ಒಂದೊಂದು ಸಂಸ್ಕೃತಿಯ ಮೇಲೆ ಸೆಮಿನಾರ್ ಪ್ರಬಂಧ ಸಿದ್ಧಪಡಿಸಲು ಹೇಳಿದರು. ಆಧಾರಗಳೆಲ್ಲ ಕಾಲೇಜಿನ ಗ್ರಂಥಾಲಯದಲ್ಲಿ ಅಥವಾ ಗ್ರಂಥಾಲಯದ ಮೂಲಕ ದೊರೆತವಾಗಿರಬೇಕು, ಗೂಗಲ್‌ನ ಮೊದಲ ಪುಟದಿಂದ ಎತ್ತಿಕೊಂಡು ಬಂದದ್ದು ನಡೆಯುವುದಿಲ್ಲ ಎಂಬುದು ಅವರ ಷರತ್ತಾಗಿತ್ತು. ಈಜಿಪ್ಟ್, ಗ್ರೀಸ್, ರೋಮ್‌ಗಳನ್ನು ಮುಂದಿನ ಬೆಂಚಿನವರು ಆಗಲೇ ಹಂಚಿಕೊಂಡಿದ್ದರು. ನನಗೆ ದಕ್ಷಿಣ ಅಮೆರಿಕದ ಪೆರುವಿನ ಇಂಕಾಗಳು ಉಳಿದರು.

ನಮ್ಮ ಗ್ರಂಥಾಲಯದಲ್ಲಿ ಪುಸ್ತಕಗಳನ್ನು ವಿಷಯಕ್ಕೊಂದು ಸಂಖ್ಯೆ ಕೊಡುವ ಡ್ಯೂಯಿ ದಶಮಾಂಶ ವರ್ಗೀಕರಣದಂತೆ ಜೋಡಿಸಿದ್ದರು. ಭಾರತದ ಇತಿಹಾಸಕ್ಕೆ ಸೇರಿದ 954 ಹಲವಾರು ರ‍್ಯಾಕುಗಳನ್ನು ಆಕ್ರಮಿಸಿಕೊಂಡಿದ್ದರೆ, ಪೆರುವಿನ 985ರಲ್ಲಿ ಇದ್ದದ್ದು ಒಂದೇ ಪುಸ್ತಕ. ಅದರ ಜೊತೆಗೆ ಪರಾಮರ್ಶನ ವಿಭಾಗದ ವಿಶ್ವಕೋಶಗಳಿದ್ದವು, ಆದರೆ ಅವುಗಳನ್ನು ಮನೆಗೆ ಕೊಡುವಂತಿಲ್ಲವಾದ್ದರಿಂದ ಅಲ್ಲಿಯೇ ಕುಳಿತು ಟಿಪ್ಪಣಿ ಮಾಡಿಕೊಳ್ಳಬೇಕಿತ್ತು. ವಿಶ್ವಕೋಶಗಳಲ್ಲಿ ಇಂಕಾಗಳೆಂದರೆ ಚಿನ್ನ, 1532ರಲ್ಲಿ ಕಹಮಾರ್ಕದಲ್ಲಿ ಸ್ಪೇನಿನ ದಂಡನಾಯಕ ಪಿಸಾರೊನ ಕೈಗೆ ಸೆರೆಸಿಕ್ಕ ಇಂಕಾ ದೊರೆ ಅಟಹುವಾಲ್ಪ, ಮತ್ತು 1911ರಲ್ಲಿ ಹೈರಮ್ ಬಿಂಗಮ್ ಹೊರಜಗತ್ತಿಗೆ ಪರಿಚಯಿಸಿದ ಮಾಚು ಪಿಚು. ಬರಹವೇ ಇಲ್ಲದೆ ಅಷ್ಟು ದೊಡ್ಡ ರಾಜ್ಯವನ್ನು ನಡೆಸಿದ ಬಗೆ ಹೇಗೆಂಬ ಪ್ರಶ್ನೆಗೆ ಅರ್ಧ ಪ್ಯಾರಾದಷ್ಟು ಉತ್ತರವಿತ್ತು: ಅವರು ಕಿಪು ಎಂಬ ಗಂಟುಹಾಕಿದ ಹುರಿಗಳಲ್ಲಿ ಲೆಕ್ಕ ಇಡುತ್ತಿದ್ದರು. ನಾನು ಆ ಅರ್ಧ ಪ್ಯಾರಾವನ್ನೇ ವಿಷಯವಾಗಿ ಹಿಡಿದುಕೊಂಡೆ.

985ರ ಆ ಒಂಟಿ ಪುಸ್ತಕದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಅದರ ಅಧ್ಯಾಯಗಳಲ್ಲ, ಕೊನೆಯಲ್ಲಿದ್ದ ಪದಸೂಚಿ ಮತ್ತು ಆಕರಗಳ ಪಟ್ಟಿ. ಆ ಪಟ್ಟಿಯನ್ನು ಓದುತ್ತ ಹೋದಂತೆ ಇಂಕಾಗಳ ಬಗ್ಗೆ ಯಾರು ಮಾತನಾಡಿದ್ದಾರೆಂಬುದು ಸ್ಪಷ್ಟವಾಗತೊಡಗಿತು. ಸಿಯೆಸ ದೆ ಲಿಯೋನ್ ಸ್ಪೇನಿನ ಸೈನಿಕ, ಅವನ ಬರಹದ ಮೊದಲ ಭಾಗ 1553ರಲ್ಲಿ ಅಚ್ಚಾಯಿತು. ಗಾರ್ಸಿಲಾಸೊನ ತಾಯಿ ಇಂಕಾ ರಾಜವಂಶದವಳು, ತಂದೆ ಸ್ಪೇನಿನ ಸೇನಾನಾಯಕ. ಅವನು ತನ್ನ ನಾಡನ್ನು ಬಿಟ್ಟು ದಶಕಗಳು ಕಳೆದ ಮೇಲೆ, ಸ್ಪೇನಿನಲ್ಲಿ ಕುಳಿತು ಬರೆದದ್ದು 1609ರಲ್ಲಿ ಪ್ರಕಟವಾಯಿತು. ಎಲ್ಲವೂ ಸ್ಪೇನಿನ ಆಕ್ರಮಣ ನಡೆದ ಮೇಲಿನವು, ಗೆದ್ದವರ ಭಾಷೆಯಲ್ಲಿ, ಗೆದ್ದವರ ದೊರೆಗೆ ಅಥವಾ ಓದುಗರಿಗೆ ಉದ್ದೇಶಿಸಿದವು. ಇಂಕಾಗಳು ತಾವೇ ಇಟ್ಟ ದಾಖಲೆ ಎಂದರೆ ಕಿಪುಗಳು ಮಾತ್ರ, ಅವುಗಳಲ್ಲಿ ಬಹುಪಾಲು ನಾಶವಾಗಿವೆ. 1583ರ ಲಿಮಾದ ಧರ್ಮಸಭೆಯು ಹಳೆಯ ಧರ್ಮಾಚರಣೆಗೆ ಸಂಬಂಧಿಸಿದ ಕಿಪುಗಳನ್ನು ಇಲ್ಲವಾಗಿಸಬೇಕೆಂದು ಆಜ್ಞೆ ಹೊರಡಿಸಿತ್ತು. ಇಂದು ಜಗತ್ತಿನ ವಸ್ತುಸಂಗ್ರಹಾಲಯಗಳಲ್ಲಿ ಉಳಿದಿರುವುದು ಸಾವಿರಕ್ಕಿಂತ ಸ್ವಲ್ಪ ಹೆಚ್ಚು.

ಗ್ರಂಥಪಾಲಕಿ ಮೇಡಂ ಆ ಪಟ್ಟಿಯಲ್ಲಿ ಒಂದು ಹೆಸರಿನ ಮೇಲೆ ಪೆನ್ಸಿಲ್ ಇಟ್ಟು, "ಇದರ ಮೂಲ ಪ್ರತಿಯೇ ಸಿಗುತ್ತದೆ, ಬಾ" ಎಂದು ಕಂಪ್ಯೂಟರ್ ಇರುವ ಕಡೆಗೆ ಕರೆದುಕೊಂಡು ಹೋದರು. ಆ ಹೆಸರು ಗುವಾಮಾನ್ ಪೋಮನದು. ಈತ ಪೆರುವಿನ ಆಂಡಿಸ್ ಬೆಟ್ಟನಾಡಿನವನೇ. ವಸಾಹತು ಆಡಳಿತದ ದಬ್ಬಾಳಿಕೆಯನ್ನು ವಿವರಿಸಿ 1615ರ ಹೊತ್ತಿಗೆ ಸ್ಪೇನಿನ ದೊರೆ ಮೂರನೆಯ ಫಿಲಿಪನಿಗೆ ಸುಮಾರು 1,200 ಪುಟಗಳ ಪತ್ರವನ್ನು, ತಾನೇ ಬಿಡಿಸಿದ 398 ಚಿತ್ರಗಳೊಂದಿಗೆ ಬರೆದ. ಆ ಹಸ್ತಪ್ರತಿ ಎಲ್ಲೋ ಸೇರಿಹೋಗಿ, 1908ರಲ್ಲಿ ಕೋಪನ್‌ಹೇಗನ್ನಿನ ರಾಜಗ್ರಂಥಾಲಯದಲ್ಲಿ ರಿಚರ್ಡ್ ಪೀಟ್ಶ್‌ಮನ್ ಎಂಬ ವಿದ್ವಾಂಸರ ಕಣ್ಣಿಗೆ ಬಿತ್ತು. ಆ ಗ್ರಂಥಾಲಯ ಈಗ ಅದನ್ನು ಪುಟಪುಟವಾಗಿ ಅಂತರಜಾಲದಲ್ಲಿ ತೆರೆದಿಟ್ಟಿದೆ. ಅದರಲ್ಲೊಂದು ಚಿತ್ರದಲ್ಲಿ ಲೆಕ್ಕಾಧಿಕಾರಿಯೊಬ್ಬ ನಿಂತಿದ್ದಾನೆ. ಎರಡು ಕೈಗಳ ನಡುವೆ ಕಿಪುವನ್ನು ಅಗಲಕ್ಕೆ ಹಿಡಿದಿದ್ದಾನೆ, ಮುಖ್ಯ ಹುರಿಯಿಂದ ಹತ್ತಾರು ಎಳೆಗಳು ಜೋಲಾಡುತ್ತಿವೆ. ಎಡಗಡೆಯ ಕೆಳಮೂಲೆಯಲ್ಲಿ ಚೌಕಾಬಾರದ ಮನೆಗಳಂತೆ ಗೆರೆ ಕೊರೆದ ಹಲಗೆ, ಮನೆಗಳೊಳಗೆ ಸಣ್ಣ ಸಣ್ಣ ಗುಂಡುಗಳು. ಕೂಡಿ ಕಳೆಯಲು ಹಲಗೆ, ಬಂದ ಉತ್ತರವನ್ನು ಕಾಪಿಡಲು ಹುರಿ ಎಂದು ಆ ಚಿತ್ರವನ್ನು ಅನೇಕರು ಅರ್ಥೈಸುತ್ತಾರೆ.

ಗಂಟುಗಳ ಲೆಕ್ಕವನ್ನು ಬಿಡಿಸಿದವರು ಲೆಲ್ಯಾಂಡ್ ಲಾಕ್, 1912ರಲ್ಲಿ. ಅವರ ವಿವರಣೆಯನ್ನು ಓದಿ ಅರ್ಥವಾಗದೆ, ಬೈಂಡಿಂಗ್ ಮಾಡುವವರಿಂದ ಒಂದು ಮೊಳ ದಾರ ಕೇಳಿಕೊಂಡು ಓದುವ ಮೇಜಿನ ಮೇಲೆಯೇ 3,205 ಎಂಬ ಸಂಖ್ಯೆಯನ್ನು ಗಂಟು ಹಾಕಿ ನೋಡಿದೆ. ಮೇಲಿನಿಂದ ಸಾವಿರದ ಸ್ಥಾನದಲ್ಲಿ ಮೂರು ಸಾದಾ ಗಂಟು, ಸ್ವಲ್ಪ ಕೆಳಗೆ ನೂರರ ಸ್ಥಾನದಲ್ಲಿ ಎರಡು, ಹತ್ತರ ಸ್ಥಾನ ಖಾಲಿ, ಬಿಡಿಯ ಸ್ಥಾನದಲ್ಲಿ ಐದು ಸುತ್ತಿನ ಒಂದು ಉದ್ದ ಗಂಟು. ಸೊನ್ನೆಗೆ ಗಂಟಿಲ್ಲ, ಜಾಗ ಮಾತ್ರ. ಬಿಡಿಗೆ ಬೇರೆ ಬಗೆಯ ಗಂಟು ಇರುವುದರಿಂದ ಒಂದು ಸಂಖ್ಯೆ ಎಲ್ಲಿ ಮುಗಿಯಿತೆಂದು ಗೊತ್ತಾಗುತ್ತದೆ. ಒಂದರಲ್ಲಿ ಮುಗಿಯುವ ಸಂಖ್ಯೆಗೆ ಇಂಗ್ಲಿಷಿನ ಎಂಟರ ಆಕಾರದ ಗಂಟು, ಏಕೆಂದರೆ ಒಂದೇ ಸುತ್ತಿನ ಉದ್ದ ಗಂಟು ಸಾದಾ ಗಂಟೇ ಆಗಿಬಿಡುತ್ತದೆ. ಇದು ಬೆರಳಿಗೆ ತಿಳಿದಷ್ಟು ಸಲೀಸಾಗಿ ಪುಟದ ಮೇಲಿನ ರೇಖಾಚಿತ್ರದಿಂದ ತಿಳಿದಿರಲಿಲ್ಲ. ಕೆಲವು ಕಿಪುಗಳಲ್ಲಿ ಮೇಲಕ್ಕೆ ಕಟ್ಟಿದ ಒಂದು ಎಳೆಯ ಮೊತ್ತವು ಅದರ ಜೊತೆಯ ಇಳಿ ಎಳೆಗಳ ಒಟ್ಟು ಮೊತ್ತಕ್ಕೆ ಸರಿಹೊಂದುತ್ತಿದ್ದುದರಿಂದ, ಲಾಕ್ ಅವರ ಓದು ಊಹೆಯಲ್ಲವೆಂಬುದಕ್ಕೆ ಪುರಾವೆ ಆ ಹುರಿಗಳಲ್ಲೇ ದೊರಕಿತ್ತು.

ಅಲ್ಲಿಂದ ಮುಂದಿನ ಸಂಶೋಧನೆಗೆ ನಮ್ಮ ರ‍್ಯಾಕುಗಳಲ್ಲಿ ಏನೂ ಇರಲಿಲ್ಲ. ಕಾಲೇಜುಗಳಿಗೆ ಇ-ಸಂಪನ್ಮೂಲ ಒದಗಿಸುವ ಎನ್-ಲಿಸ್ಟ್ ಯೋಜನೆಯ ಗ್ರಂಥಾಲಯದ ಲಾಗಿನ್ ಮೂಲಕ ಇ-ನಿಯತಕಾಲಿಕೆಗಳನ್ನು ಹುಡುಕಿದೆ. ಪೂರ್ಣಪಾಠ ಸಿಗದ ಲೇಖನಗಳಿಗೆ ಮೇಡಂ ಗ್ರಂಥಾಲಯಗಳ ಜಾಲವಾದ ಡೆಲ್‌ನೆಟ್‌ಗೆ ಕೋರಿಕೆ ಕಳುಹಿಸಿದರು. ಇಂಗ್ಲಿಷಿನಲ್ಲಿ ಕಿಪುವಿಗೆ ಹಳೆಯ ಮತ್ತು ಹೊಸ ಎರಡು ಕಾಗುಣಿತಗಳಿದ್ದು, ಎರಡನ್ನೂ ಹಾಕಿ ಹುಡುಕದಿದ್ದರೆ ಅರ್ಧ ಸಾಹಿತ್ಯ ಕಣ್ಣಿಗೇ ಬೀಳುವುದಿಲ್ಲ. ಹೀಗೆ ಸಿಕ್ಕವುಗಳಲ್ಲಿ ಮೂರು ಸಂಗತಿಗಳು ನನ್ನ ಪ್ರಬಂಧದ ಬೆನ್ನೆಲುಬಾದವು. ಪೆರುವಿನ ಕರಾವಳಿಯ ಇಂಕಾವಾಸಿ ಎಂಬಲ್ಲಿ ಉತ್ಖನನ ಮಾಡಿದಾಗ ಉಗ್ರಾಣದ ನೆಲದಲ್ಲಿ ಕಿಪುಗಳು ಕಡಲೆಕಾಯಿ, ಮೆಣಸಿನಕಾಯಿ, ಬೀನ್ಸ್ ಕಾಳುಗಳ ಜೊತೆಯಲ್ಲೇ ಸಿಕ್ಕಿದ್ದವು. ಅಂದರೆ ಸರಕು ಮತ್ತು ಅದರ ಲೆಕ್ಕ ಒಂದೇ ಕಡೆ. (ಆ ಮೂರೂ ನಮ್ಮ ಅಡುಗೆಮನೆಗೆ ಅಮೆರಿಕ ಖಂಡಗಳಿಂದಲೇ ಬಂದವು. ಹಾಸನದ ಹೊಲಗಳಲ್ಲಿ ಬೆಳೆಯುವ ಆಲೂಗಡ್ಡೆಯ ತವರಂತೂ ಆಂಡಿಸ್ ಬೆಟ್ಟಗಳೇ.) ಎರಡನೆಯದು ಮಾನವಶಾಸ್ತ್ರಜ್ಞೆ ಸೇಬೀನ್ ಹೈಲಂಡ್ 2017ರಲ್ಲಿ ಪ್ರಕಟಿಸಿದ ಅಧ್ಯಯನ. ಪೆರುವಿನ ಕೊಲಾಟ ಎಂಬ ಹಳ್ಳಿಯವರು ಪತ್ರಗಳೆಂದು ನಂಬಿ ಪೆಟ್ಟಿಗೆಯಲ್ಲಿ ಕಾಪಾಡಿಕೊಂಡು ಬಂದಿದ್ದ ಎರಡು ಕಿಪುಗಳಲ್ಲಿ ಬಣ್ಣ, ನಾರು ಮತ್ತು ಹೊಸೆತದ ದಿಕ್ಕುಗಳನ್ನು ಸೇರಿಸಿ 95 ಬೇರೆ ಬೇರೆ ಚಿಹ್ನೆಗಳನ್ನು ಅವರು ಗುರುತಿಸಿದ್ದರು. ಯಾವ ಪ್ರಾಣಿಯ ಕೂದಲೆಂದು ಮುಟ್ಟಿ ತಿಳಿಯಬೇಕೆಂದು ಹಳ್ಳಿಯ ಹಿರಿಯರೇ ಅವರಿಗೆ ಹೇಳಿದ್ದರಂತೆ. ಆ ಕಿಪುಗಳು ಸ್ಪೇನಿನವರು ಬಂದ ನಂತರದವು, ಆದ್ದರಿಂದ ಇಂಕಾಗಳ ಕಾಲದಲ್ಲೂ ಹುರಿಗಳು ಪತ್ರಗಳಾಗಿದ್ದವು ಎಂದು ಅದರಿಂದ ತೀರ್ಮಾನಿಸಲಾಗದು. ಆದರೂ ಕೆಲವು ಜನಪ್ರಿಯ ಲೇಖನಗಳು ಕಿಪುವಿನ ರಹಸ್ಯವೇ ಬಯಲಾಯಿತೆಂದು ಬರೆದುಬಿಟ್ಟಿವೆ.

ಮೂರನೆಯದನ್ನು ಓದಿದಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಮ್ಯಾನಿ ಮೆಡ್ರಾನೊ ಎಂಬ ಹಾರ್ವರ್ಡ್ ವಿದ್ಯಾರ್ಥಿ, ನನ್ನಂತೆಯೇ ಇನ್ನೂ ಪದವಿ ಓದುತ್ತಿದ್ದಾಗ, ಪ್ರಾಧ್ಯಾಪಕ ಗ್ಯಾರಿ ಅರ್ಟನ್ ಅವರ ಮಾರ್ಗದರ್ಶನದಲ್ಲಿ ಪೆರುವಿನ ಸಾಂತಾ ಕಣಿವೆಯ ಆರು ಕಿಪುಗಳನ್ನು ಅದೇ ಪ್ರದೇಶದ 1670ರ ಸ್ಪೇನ್ ಕಾಲದ ಜನಗಣತಿಯೊಂದಿಗೆ ಹೋಲಿಸಿದ್ದರು. ಎಳೆಯನ್ನು ಮುಖ್ಯ ಹುರಿಗೆ ಮುಂದಿನಿಂದ ಕಟ್ಟಲಾಗಿದೆಯೋ ಹಿಂದಿನಿಂದಲೋ ಎಂಬುದು ಆ ವ್ಯಕ್ತಿ ಊರಿನ ಯಾವ ಪಂಗಡದವನೆಂದು ಸೂಚಿಸುತ್ತಿರಬಹುದು ಎಂಬುದು ಅವರ ವಾದ. 2018ರಲ್ಲಿ ಅದು ಪ್ರಕಟವಾಯಿತು. ಹೊಸ ಉತ್ಖನನವಿಲ್ಲದೆ, ಆಗಲೇ ಸಂಗ್ರಹದಲ್ಲಿದ್ದ ಎರಡು ದಾಖಲೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಕೆಲಸವದು.

ಸೆಮಿನಾರಿನಲ್ಲಿ ದಾರವನ್ನೇ ಕೈಯಿಂದ ಕೈಗೆ ದಾಟಿಸಿದೆ. ಗಂಟಿನಲ್ಲಿ ಸಂಖ್ಯೆ ಸರಿ, ಹೆಸರು ಹೇಗೆ ಬರೆಯುತ್ತಿದ್ದರೆಂದು ಗೆಳೆಯನೊಬ್ಬ ಕೇಳಿದಾಗ, ಅದು ಇಂದಿಗೂ ಬಗೆಹರಿಯದ ಪ್ರಶ್ನೆ ಎಂದು ಹೇಳಿ ಹೈಲಂಡ್ ಮತ್ತು ಮೆಡ್ರಾನೊ ಅವರ ವಾದಗಳನ್ನು ಮತ್ತೊಮ್ಮೆ ವಿವರಿಸಿದೆ. ಮರುದಿನ ಗ್ರಂಥಾಲಯದ ಬೇಡಿಕೆ ಪುಸ್ತಕದಲ್ಲಿ, ಗಣಿತಜ್ಞೆ ಮಾರ್ಸಿಯಾ ಆಶರ್ ಮತ್ತು ಮಾನವಶಾಸ್ತ್ರಜ್ಞ ರಾಬರ್ಟ್ ಆಶರ್ ದಂಪತಿ ಕಿಪುವಿನ ಕುರಿತು ಬರೆದ ಗ್ರಂಥವನ್ನು ತರಿಸಬೇಕೆಂದು ಬರೆದೆ. ಮೇಡಂ ಅದನ್ನು ಓದಿ, ಅಗ್ಗದ ಮರುಮುದ್ರಣ ಇದ್ದರೆ ಪ್ರಕಾಶಕರ ಹೆಸರು ಮತ್ತು ಬೆಲೆಯನ್ನೂ ಸೇರಿಸು, ಬರುವ ವರ್ಷದ ಅನುದಾನದಲ್ಲಿ ನೋಡೋಣ ಎಂದರು.