ಹಾಸಿಗೆಯ ಅಡಿಭಾಗ ನೋಡದೆ ಕಳೆದ ಮಳೆಗಾಲ

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಒಂದು ಹೋಂಸ್ಟೇ ಇದೆ. ಹಳೆಯ ತೊಟ್ಟಿಮನೆ. ಅದರ ಐದು ರೂಮುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಈಗ ಒಂಬತ್ತು ವರ್ಷ ಆಯಿತು. ಗುಡಿಸುವುದು, ಒರೆಸುವುದು, ಹಾಸಿಗೆ ಹಾಸುವುದು, ಇಷ್ಟೇ ಅಂದುಕೊಂಡು ಸೇರಿದ್ದೆ. ಹಾಸಿಗೆ ಹಾಸುವುದು ಬೇರೆ, ಹಾಸಿಗೆ ನೋಡಿಕೊಳ್ಳುವುದು ಬೇರೆ ಎಂದು ಗೊತ್ತಾಗಿದ್ದು ಮೂರನೇ ಮಳೆಗಾಲದಲ್ಲಿ.

ಆಗಸ್ಟ್ ಮೊದಲ ವಾರ, ಆಶ್ಲೇಷ ಮಳೆ. ಹನ್ನೆರಡು ದಿನದಿಂದ ಬಿಸಿಲೇ ಇರಲಿಲ್ಲ. ಮೂರನೇ ರೂಮಿನಲ್ಲಿ ಗಂಡ, ಹೆಂಡತಿ, ಆರು ವರ್ಷದ ಮಗಳು. ಮಗು ರಾತ್ರಿಯಿಡೀ ಸೀನಿದೆ. ಬೆಳಿಗ್ಗೆ ಕಾಫಿ ಕೊಡಲು ಹೋದಾಗ ಆ ತಾಯಿ ಮೆಲ್ಲಗೆ ಹೇಳಿದರು, 'ಅಕ್ಕಾ, ಬೇಜಾರು ಮಾಡ್ಕೋಬೇಡಿ. ಹಾಸಿಗೆಯಿಂದ ಏನೋ ವಾಸನೆ ಬರ್ತಿದೆ. ಒಂದ್ಸಲ ನೋಡಿ.'

ನಾನು ಬಗ್ಗಿ ಬೆಡ್‌ಶೀಟ್ ಮೂಸಿ ನೋಡಿದೆ. ಸೋಪಿನ ವಾಸನೆ ಬಿಟ್ಟರೆ ಏನೂ ಇಲ್ಲ. ಶೀಟ್ ಬೆಳ್ಳಗಿತ್ತು, ಒಂದು ಸುಕ್ಕೂ ಇರಲಿಲ್ಲ. ಹಳೇ ಮನೆಯ ಮಣ್ಣಿನ ಗೋಡೆ, ಅದರ ವಾಸನೆ ಇರಬೇಕು ಅಂದುಕೊಂಡೆ. ಅವರು ಕುಂದಾದ್ರಿ ನೋಡಲು ಹೊರಟ ಮೇಲೆ ಮನಸ್ಸು ತಡೆಯದೆ ಹಾಸಿಗೆಯ ಒಂದು ಮೂಲೆ ಎತ್ತಿದೆ.

ಅಡಿಯಲ್ಲಿ ಅಂಗೈ ಅಗಲದ ಕಪ್ಪು ಕಲೆಗಳು. ನಡುನಡುವೆ ಬೂದು ಬಣ್ಣದ ಬೂಷ್ಟು. ಇಬ್ಬರು ಮಲಗುವ ಜಾಗದಲ್ಲೇ ಜಾಸ್ತಿ, ಸೊಂಟದ ಅಳತೆಗೆ ಸರಿಯಾಗಿ. ಹಾಸಿಗೆಗೂ ಮಂಚದ ಪ್ಲೈವುಡ್‌ಗೂ ನಡುವೆ ಒಂದು ಪ್ಲಾಸ್ಟಿಕ್ ಶೀಟ್. ಅದರ ಮೇಲೆ ನೀರಿನ ಹನಿಗಳು ಸಾಲಾಗಿ ನಿಂತಿದ್ದವು.

ಆ ಪ್ಲಾಸ್ಟಿಕ್ ಹಾಕಿದವಳು ನಾನೇ. ಮೇ ತಿಂಗಳಲ್ಲಿ, ಮಳೆ ಶುರುವಾಗುವ ಮೊದಲು, ಮರದ ತೇವ ಹಾಸಿಗೆಗೆ ಏರಬಾರದು ಎಂದು ಐದೂ ಮಂಚಕ್ಕೆ ಹಾಕಿದ್ದೆ. ಅಡಿಕೆ ಮೂಟೆಗೆ ಪ್ಲಾಸ್ಟಿಕ್ ಹೊದಿಸುತ್ತೇವಲ್ಲ, ಹಾಗೆ. ಒಣಗಿದ ಅಡಿಕೆ ಮೂಟೆ ಬೆವರುವುದಿಲ್ಲ, ಮನುಷ್ಯ ಬೆವರುತ್ತಾನೆ ಎನ್ನುವುದು ನನಗೆ ಹೊಳೆದಿರಲಿಲ್ಲ.

ಆಮೇಲೆ ಯೋಚಿಸಿದಾಗ ಅರ್ಥವಾಯಿತು. ಬಿಸಿ ಅನ್ನದ ಪಾತ್ರೆಗೆ ಮುಚ್ಚಳ ಮುಚ್ಚಿಟ್ಟರೆ ಮುಚ್ಚಳದ ಒಳಗೆ ನೀರು ಕಟ್ಟುತ್ತದೆ ಅಲ್ವಾ? ಇಲ್ಲೂ ಅದೇ. ಮಲಗಿದವರ ಮೈಯ ಬಿಸಿ, ಬೆವರು, ಉಸಿರಿನ ತೇವ ಎಲ್ಲ ಫೋಮಿನೊಳಗೆ ನಿಧಾನಕ್ಕೆ ಕೆಳಗಿಳಿಯುತ್ತವೆ. ಕೆಳಗೆ ತಣ್ಣನೆಯ ಪ್ಲಾಸ್ಟಿಕ್ ಸಿಕ್ಕಿದರೆ ಅಲ್ಲೇ ನೀರಾಗುತ್ತವೆ. ಬಯಲುಸೀಮೆಯಲ್ಲಾದರೆ ಹಗಲು ಒಣಗಿಬಿಡುತ್ತಿತ್ತೇನೋ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಜಾಸ್ತಿ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ನಮ್ಮ ಕಡೆ ಗೋಡೆಗೆ ನೇತುಹಾಕಿದ ಬೆಲ್ಟು, ಬೀರುವಿನಲ್ಲಿಟ್ಟ ಚಪ್ಪಲಿಯೇ ವಾರದಲ್ಲಿ ಬೂಷ್ಟು ಹಿಡಿಯುತ್ತವೆ. ಹಾಸಿಗೆಗೆ ನಾನು ಅದರ ಮೇಲೆ ಪ್ಲಾಸ್ಟಿಕ್ ಬೇರೆ ಕೊಟ್ಟಿದ್ದೆ.

ಐದರಲ್ಲಿ ಎರಡು ಹಾಸಿಗೆ ಉಳಿಯಲಿಲ್ಲ. ಫೋಮಿನ ಒಳಗಿಳಿದ ಬೂಷ್ಟನ್ನು ಮೇಲಿಂದ ಒರೆಸಿ ತೆಗೆಯಲು ಆಗುವುದಿಲ್ಲ. ವಾಸನೆ ಹೋದ ಹಾಗೆ ಕಾಣುತ್ತದೆ, ಮುಂದಿನ ಮಳೆಗೆ ಮತ್ತೆ ಬರುತ್ತದೆ. ನನಗೆ ನಿಜಕ್ಕೂ ಭಯವಾಗಿತ್ತು. ಒಂದು ಹಾಸಿಗೆಯ ಬೆಲೆ ನನ್ನ ತಿಂಗಳ ಸಂಬಳಕ್ಕಿಂತ ಜಾಸ್ತಿ. ಯಜಮಾನರ ಹೆಂಡತಿಗೆ, ನಾವೆಲ್ಲ ಅಮ್ಮ ಅನ್ನುತ್ತೇವೆ, ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಬೈಯಲಿಲ್ಲ. 'ಮೊದಲು ಉಳಿದ ಮೂರನ್ನು ಉಳಿಸು' ಅಂದರು. ಸಂಬಳದಲ್ಲೂ ಹಿಡಿಯಲಿಲ್ಲ. ಆ ಋಣ ನನಗೆ ಈಗಲೂ ಇದೆ.

ಉಳಿಸುವುದು ಹೇಗೆ? ಬಿಸಿಲಿಲ್ಲ. ಬಟ್ಟೆಯಾದರೆ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತೇವೆ. ಹಾಸಿಗೆಯನ್ನು ಒಲೆಯ ಹತ್ತಿರ ತರಲೇಬಾರದು. ಫೋಮಿಗೆ ಕಿಡಿ ಬಿದ್ದರೆ ಭಗ್ಗನೆ ಹತ್ತಿಕೊಳ್ಳುತ್ತದೆ, ಆ ಹೊಗೆ ವಿಷ. ಹಾಗಾಗಿ ಖಾಲಿ ರೂಮಿನಲ್ಲಿ ಹಾಸಿಗೆಯನ್ನು ಉದ್ದಕ್ಕೆ ನಿಲ್ಲಿಸಿ, ಗೋಡೆಗೆ ತಾಗದಂತೆ ಎರಡು ಕುರ್ಚಿಗೆ ಒರಗಿಸಿ, ಎರಡು ಟೇಬಲ್ ಫ್ಯಾನ್ ಹಚ್ಚಿಟ್ಟೆವು. ದಿನಕ್ಕೆರಡು ಸಲ ಬದಿ ತಿರುಗಿಸಿದೆವು. ಐದು ದಿನ ಹಿಡಿಯಿತು. ಮುಂದಿನ ವರ್ಷ ಅಮ್ಮ ಗಾಳಿಯ ತೇವ ಎಳೆಯುವ ಮಷೀನು ತರಿಸಿದರು. ಜಡಿಮಳೆಯ ದಿನ ಅದರ ಡಬ್ಬಿ ಬೆಳಗಾಗುವುದರೊಳಗೆ ತುಂಬಿರುತ್ತದೆ. ಅಷ್ಟು ನೀರು ರೂಮಿನ ಗಾಳಿಯಲ್ಲಿ ಸುಮ್ನೆ ತೇಲುತ್ತಿತ್ತು ಎಂದು ನೆನೆದರೆ ಈಗಲೂ ಆಶ್ಚರ್ಯ.

ಮಂಚಗಳನ್ನೂ ಬದಲಾಯಿಸಿದೆವು. ಪೂರ್ತಿ ಮಂಚ ಅಲ್ಲ, ಪ್ಲೈವುಡ್ ಮಾತ್ರ. ಊರಿನ ಆಚಾರಿ ಅದನ್ನು ತೆಗೆದು ಹಲಸಿನ ಮರದ ರೀಪು ಜೋಡಿಸಿ ಕೊಟ್ಟರು. ರೀಪಿಗೂ ರೀಪಿಗೂ ಎರಡು ಇಂಚು ಸಂದು. ಅದಕ್ಕಿಂತ ಜಾಸ್ತಿ ಬಿಟ್ಟರೆ ಫೋಮು ಸಂದಿಗೆ ಇಳಿದು ಹಾಸಿಗೆ ತಗ್ಗು ಬೀಳುತ್ತದೆ. ಖರ್ಚು ಬೇಡ ಅನ್ನುವವರು ಪ್ಲೈವುಡ್‌ಗೇ ಗೇಣಿಗೊಂದರಂತೆ ತೂತು ಕೊರೆಸಬಹುದು. ಏನೂ ಮಾಡದೆ ಇರುವುದಕ್ಕಿಂತ ಎಷ್ಟೋ ವಾಸಿ. ಮಂಚವನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಎಳೆದಿದ್ದೇವೆ. ಮಂಚದ ಕೆಳಗೆ ಸೂಟ್‌ಕೇಸು, ಹಳೇ ಕಂಬಳಿ ತುರುಕುವುದನ್ನು ನಿಲ್ಲಿಸಿದ್ದೇವೆ.

ಈಗ ದಿನದ ಕೆಲಸದ ಕ್ರಮವೂ ಬೇರೆ. ಮೊದಲೆಲ್ಲ ಅತಿಥಿಗಳು ತಿಂಡಿಗೆ ಹೋದ ತಕ್ಷಣ ಹೊದಿಕೆ ಎಳೆದು ನೀಟಾಗಿ ಮುಚ್ಚಿಬಿಡುತ್ತಿದ್ದೆ. ಒಳಗಿನ ಬಿಸಿ ಆರುವ ಮೊದಲೇ ಮುಚ್ಚಿದಂತಾಯಿತು. ಈಗ ಹೊದಿಕೆಯನ್ನು ಕಾಲಿನ ಕಡೆಗೆ ಮಡಚಿ, ಫ್ಯಾನ್ ಹಾಕಿ, ಬಚ್ಚಲು ತೊಳೆಯಲು ಹೋಗುತ್ತೇನೆ. ಒಂದು ಗಂಟೆಯ ನಂತರ ಹಾಸಿಗೆ ಹಾಸುವುದು. ಮನೆಯಲ್ಲೂ ನಾನು ಎದ್ದ ಕೂಡಲೇ ಹಾಸಿಗೆ ಮುಚ್ಚುವುದಿಲ್ಲ. ಅತ್ತೆಗೆ ಮೊದಮೊದಲು ಇದು ಸೋಮಾರಿತನವಾಗಿ ಕಾಣುತ್ತಿತ್ತು. ಹಾಸಿಗೆಯ ಅಡಿ ತೋರಿಸಿದ ಮೇಲೆ ಒಪ್ಪಿದರು.

ಮಳೆಗಾಲದಲ್ಲಿ ಎಲ್ಲವೂ ತಣ್ಣಗೇ ಇರುವುದರಿಂದ ಕೈ ಮುಟ್ಟಿ ತೇವ ತಿಳಿಯುವುದಿಲ್ಲ. ನಾನು ಕಂಡುಕೊಂಡ ದಾರಿ ಪೇಪರ್. ಚೆನ್ನಾಗಿ ಒಣಗಿದ ದಿನಪತ್ರಿಕೆಯ ಹಾಳೆ ಮಡಚಿ ಹಾಸಿಗೆಯ ಅಡಿಗೆ, ಸೊಂಟ ಬರುವ ಜಾಗದಲ್ಲಿ ಇಡುತ್ತೇನೆ. ಮರುದಿನ ತೆಗೆದು ಕಿವಿಯ ಹತ್ತಿರ ಮಡಚುತ್ತೇನೆ. ಚರಚರ ಸದ್ದು ಬಂದರೆ ಸರಿ. ಗಾಳಿಗಿಟ್ಟ ಹಪ್ಪಳದ ಹಾಗೆ ಸದ್ದಿಲ್ಲದೆ ಬಗ್ಗಿದರೆ ಆ ಹಾಸಿಗೆ ಅವತ್ತೇ ನಿಲ್ಲಿಸುವುದು.

ಇನ್ನು ಸೀನು. ಬೂಷ್ಟಿನಿಂದಲೂ ಬರುತ್ತದೆ, ಡಸ್ಟ್ ಮೈಟ್ ಎಂಬ ಕಣ್ಣಿಗೆ ಕಾಣದ ಹುಳದಿಂದಲೂ ಬರುತ್ತದೆ. ಅವು ನಮ್ಮ ಮೈಯಿಂದ ಉದುರುವ ಚರ್ಮದ ಪುಡಿ ತಿನ್ನುತ್ತವೆ. ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಮೈಗೆ ಎಳೆದುಕೊಳ್ಳುತ್ತವೆ. ಅಂದರೆ ಹಾಸಿಗೆ ಒಣಗಿದ್ದಷ್ಟೂ ಅವುಗಳಿಗೆ ಕಷ್ಟ. ಶೀಟು, ದಿಂಬಿನ ಕವರು 60 ಡಿಗ್ರಿ ಬಿಸಿಯ ನೀರಿನಲ್ಲಿ ಒಗೆದರೆ ಸಾಯುತ್ತವೆ. ನಮ್ಮಲ್ಲಿ ಹಂಡೆ ನೀರು ಸದಾ ಕುದಿಯುತ್ತಿರುತ್ತದೆ, ಅಷ್ಟರ ಮಟ್ಟಿಗೆ ಮಲೆನಾಡಿನವರು ಪುಣ್ಯವಂತರು.

ಕಲೆಗಳ ವಿಷಯಕ್ಕೆ ಬಂದರೆ, ಎಲ್ಲರೂ ಮಾಡುವ ತಪ್ಪು ನೀರು ಸುರಿದು ಉಜ್ಜುವುದು. ಮಗು ಉಚ್ಚೆ ಹೊಯ್ದರೆ ಮೊದಲು ಒಣ ಬಟ್ಟೆ ಒತ್ತಿ ಒತ್ತಿ ಹೀರಿಸಬೇಕು. ವಿನೆಗರ್ ಮತ್ತು ನೀರು ಸಮಸಮ ಬೆರೆಸಿ ಸ್ವಲ್ಪವೇ ಚಿಮುಕಿಸಿ ಮತ್ತೆ ಒತ್ತಬೇಕು. ಮೇಲೆ ಅಡುಗೆ ಸೋಡಾ ಉದುರಿಸಿ ರಾತ್ರಿ ಬಿಟ್ಟು, ಬೆಳಿಗ್ಗೆ ವ್ಯಾಕ್ಯೂಮ್ ಹಿಡಿಯುವುದು. ರಕ್ತದ ಕಲೆಗೆ ತಣ್ಣೀರು ಮಾತ್ರ. ಬಿಸಿನೀರು ತಾಗಿದರೆ ಕಲೆ ಅಲ್ಲೇ ಗಟ್ಟಿಯಾಗುತ್ತದೆ.

ಬಿಸಿಲಿನ ಬಗ್ಗೆ ಒಂದು ಮಾತು. ಅಮ್ಮನ ಅತ್ತೆಯ ಕಾಲದ ಬೂರುಗದ ಹತ್ತಿಯ ಹಾಸಿಗೆ ಈ ಮನೆಯಲ್ಲಿ ಇನ್ನೂ ಇದೆ. ಬೇಸಿಗೆಯಲ್ಲಿ ಅಡಿಕೆ ಒಣಗಿಸುವ ಅಂಗಳದಲ್ಲಿ ಅದನ್ನು ಇಡೀ ದಿನ ಹಾಕಿ, ಕೋಲಿನಿಂದ ಬಡಿದು, ಮಗುಚುತ್ತೇವೆ. ಸಂಜೆಗೆ ಹೊಸದರಂತೆ ಉಬ್ಬುತ್ತದೆ. ಹಿಂದೆ ಹತ್ತಿ ಹಿಂಜುವವರು ಊರಿಗೆ ಬಂದು, ಬಿಲ್ಲು ಮೀಟಿ, ಗಂಟಾದ ಹತ್ತಿಯನ್ನು ಬಿಡಿಸಿ ಮತ್ತೆ ಹೊಲಿದು ಕೊಡುತ್ತಿದ್ದರಂತೆ. ಹತ್ತಿ ಹಾಸಿಗೆಗೆ ಬಿಸಿಲೇ ಔಷಧ. ಆದರೆ ಫೋಮು, ಲೇಟೆಕ್ಸ್ ಹಾಸಿಗೆಗೆ ಅದೇ ಉಪಚಾರ ಮಾಡಬೇಡಿ. ಸುಡು ಬಿಸಿಲಿಗೆ ಅವು ಹಳದಿಯಾಗಿ, ಪುಡಿಪುಡಿಯಾಗುತ್ತವೆ. ಜಗಲಿಯ ನೆರಳು, ಗಾಳಿ ಸಾಕು.

ಈ ವರ್ಷ ಮಳೆ ಬೇಗ ಹಿಡಿದಿದೆ. ಐದು ಹಾಸಿಗೆಗಳ ಅಡಿಯಲ್ಲೂ ನೋಡಿದ ತಾರೀಖನ್ನು ಚೀಟಿಯಲ್ಲಿ ಬರೆದು ಪಿನ್ ಹಾಕಿದ್ದೇನೆ. ಮೊನ್ನೆ ನಾಲ್ಕನೇ ರೂಮಿನವರು ಆಗುಂಬೆಯಲ್ಲಿ ನೆನೆದು ಬಂದು, ಒದ್ದೆ ಜೀನ್ಸನ್ನು ಹಾಸಿಗೆಯ ಮೇಲೇ ಬಿಟ್ಟು ಊಟಕ್ಕೆ ಹೋಗಿದ್ದರು. ಇವತ್ತು ಬೆಳಿಗ್ಗೆ ತೆಗೆದ ಪೇಪರ್ ಸದ್ದು ಮಾಡಲಿಲ್ಲ. ಹಾಸಿಗೆ ನಿಲ್ಲಿಸಿ ಬಂದಿದ್ದೇನೆ. ಶನಿವಾರದ ತನಕ ಆ ರೂಮು ಯಾರಿಗೂ ಕೊಡಬೇಡಿ ಎಂದು ಅಮ್ಮನಿಗೆ ಹೇಳಿದ್ದೇನೆ.